ಗುಜರಿಗೆ ಹಾಕುವ ಮೊದಲು ಒಮ್ಮೆ ಊದಿಸಿ ನೋಡಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮಂಗಳೂರು, ಉಡುಪಿ ಕಡೆ ಚರ್ಚಿನ ಹಬ್ಬದಲ್ಲೋ ಮದುವೆ ಮನೆಯಲ್ಲೋ ಬ್ರಾಸ್ ಬ್ಯಾಂಡ್ ಕೇಳದವರು ಕಡಿಮೆ. ಎಲ್ಲರ ಕಣ್ಣು ಟ್ರಂಪೆಟ್ ಮೇಲೆ. ಆದರೆ ಹಿಂದೆ ಒಬ್ಬರು ದೊಡ್ಡ ಬಾಯಿಯ ಹಿತ್ತಾಳೆ ವಾದ್ಯವನ್ನು ತಬ್ಬಿಕೊಂಡು ತಳದ ಸ್ವರ ಊದುತ್ತಿರುತ್ತಾರಲ್ಲ, ಅದು ಟ್ಯೂಬಾ. ಬ್ಯಾಂಡಿನವರು ಬಾಸ್ ಅಂತಾರೆ. ಅದು ನಿಂತರೆ ಇಡೀ ಬ್ಯಾಂಡು ಸೊರಗುತ್ತದೆ.

ಊದುವವರಿಗೆ ವಯಸ್ಸಾದ ಮೇಲೆ ಈ ವಾದ್ಯ ಅಟ್ಟ ಸೇರುತ್ತದೆ. ಆಮೇಲೊಂದು ದಿನ ಜಾಗ ಇಲ್ಲ ಅಂತ ಮನೆಯವರು ಗುಜರಿಯವರನ್ನು ಕರೆಯುತ್ತಾರೆ. ತೂಗಿದರೆ ಹತ್ತು ಕಿಲೋ ಆಸುಪಾಸು, ಹಿತ್ತಾಳೆಯ ರೇಟು, ಮುಗೀತು. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಏಕೆಂದರೆ ಅದೇ ಊರಿನಲ್ಲಿ ಒಂದು ಬಾಸ್ ಸಿಕ್ಕಿದರೆ ಸಾಕು ಅಂತ ಹುಡುಕುತ್ತಿರುವ ಹುಡುಗರ ಬ್ಯಾಂಡ್ ಇರುತ್ತದೆ. ಅದಕ್ಕೇ ಇವತ್ತು, ಸವೆದ ಟ್ಯೂಬಾಗೆ ಬೆಲೆ ಕಟ್ಟುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಹೊಳಪನ್ನು ಮರೆತುಬಿಡಿ. ಮಾರುವ ಆತುರದಲ್ಲಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವವರಿದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ. ಬೂದಿಯ ಕಣ ಪಿಸ್ಟನ್ ಒಳಗೆ ಇಳಿದರೆ ಗೀರು ಬೀಳುತ್ತದೆ. ಹೊರಗಿನ ಬಣ್ಣ ಹೋಗಿದ್ದರೆ ಬೆಲೆ ಸ್ವಲ್ಪ ಇಳಿಯಬಹುದು, ಪಿಸ್ಟನ್ ಹಾಳಾದರೆ ಅರ್ಧಕ್ಕರ್ಧ ಇಳಿಯುತ್ತದೆ.

ಜೀವ ಇರುವುದು ಆ ಪಿಸ್ಟನ್‌ಗಳಲ್ಲಿ. ಬೆರಳಿನಿಂದ ಒತ್ತುತ್ತೀವಲ್ಲ, ಅವೇ. ಉಸಿರನ್ನು ಬೇರೆ ಬೇರೆ ಕೊಳವೆಗೆ ತಿರುಗಿಸುವುದು ಅವುಗಳ ಕೆಲಸ. ವರ್ಷಗಟ್ಟಲೆ ಒತ್ತಿ ಒತ್ತಿ ಸವೆದರೆ ಗಾಳಿ ಸೋರುತ್ತದೆ, ಊದುವವರಿಗೆ ಸುಸ್ತು, ಸ್ವರಕ್ಕೆ ಬಲವಿಲ್ಲ. ಇದನ್ನು ಪತ್ತೆ ಮಾಡಲು ಸಂಗೀತ ಗೊತ್ತಿರಬೇಕಾಗಿಲ್ಲ. ಪಿಸ್ಟನ್ ಒತ್ತದೆ, ಅದಕ್ಕೆ ಸೇರಿದ ಸ್ಲೈಡನ್ನು, ಅಂದರೆ ಹಿಂದೆಮುಂದೆ ಜಾರುವ ಕೊಳವೆಯ ತುಂಡನ್ನು, ಪೂರ್ತಿ ಕಳಚದೆ ಸ್ವಲ್ಪ ಹೊರಗೆಳೆಯಿರಿ. ಎರಡು ಮೂರು ಸೆಕೆಂಡ್ ಬಿಟ್ಟು ಪಿಸ್ಟನ್ ಒತ್ತಿ. 'ಟಪ್' ಅಂತ ಸದ್ದು ಬಂದರೆ ಒಳಗೆ ಗಾಳಿ ಸೋರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಪಿಸ್ಟನ್ ಸವೆದಿರಬಹುದು ಅಥವಾ ಸ್ಲೈಡೇ ಸಡಿಲ ಇರಬಹುದು, ಹಾಗಾಗಿ ಸ್ಲೈಡಿಗೆ ಗ್ರೀಸ್ ಹಚ್ಚಿ ಇನ್ನೊಮ್ಮೆ ನೋಡಿ. ಇಲ್ಲೊಂದು ಎಚ್ಚರಿಕೆ ಬೇಕು. ಪಿಸ್ಟನ್‌ಗೆ ದಪ್ಪ ಎಣ್ಣೆ ಹಾಕಿಟ್ಟರೆ ಸವೆತ ಅಡಗಿಕೊಳ್ಳುತ್ತದೆ, ಪರೀಕ್ಷೆಯಲ್ಲಿ ಪಾಸಾಗುತ್ತದೆ, ಮನೆಗೆ ತಂದ ಮೇಲೆ ಬಣ್ಣ ಬಯಲಾಗುತ್ತದೆ. ಹಾಗಾಗಿ ಒರೆಸಿ, ತೆಳು ಎಣ್ಣೆ ಹಾಕಿಯೇ ಪರೀಕ್ಷಿಸಿ. ಒಳಗಿನ ಸ್ಪ್ರಿಂಗ್, ಫೆಲ್ಟ್, ಕಾರ್ಕ್ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅವು ಚಿಲ್ಲರೆ ಖರ್ಚು. ಆದರೆ ಪಿಸ್ಟನ್‌ಗೆ ಮತ್ತೆ ಲೋಹ ಲೇಪಿಸಿ, ಕೊರೆದು, ಕೂರಿಸುವ ಕೆಲಸ ದುಬಾರಿ, ಎಲ್ಲರಿಗೂ ಬರುವುದೂ ಇಲ್ಲ.

ಇನ್ನು ಲೋಹ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಇದಕ್ಕೆ ಒಳ್ಳೆಯದಲ್ಲ, ಊದುವವರ ಉಸಿರಿನ ತೇವವೂ ಒಳಗೇ ನಿಲ್ಲುತ್ತದೆ. ಹಸಿರು ಕಿಲುಬು ಕಂಡರೆ ಹೆದರಬೇಡಿ, ಬಹುತೇಕ ಒರೆಸಿದರೆ ಹೋಗುತ್ತದೆ. ನೋಡಬೇಕಾದದ್ದು ಗುಲಾಬಿ ಬಣ್ಣದ ಚುಕ್ಕೆಗಳನ್ನು. ಅಲ್ಲಿ ಸತು ಕರಗಿ ಹೋಗಿ ತಾಮ್ರ ಮಾತ್ರ ಉಳಿದಿದೆ, ಲೋಹ ಒಳಗಿನಿಂದ ಹೊರಗೆ ಕೊಳೆಯುತ್ತಾ ಬಂದಿದೆ. ಸಾಮಾನ್ಯವಾಗಿ ಇದು ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ಭಾಗ, ಸೇರುವ ಮೊದಲ ಕೊಳವೆಯಲ್ಲಿ ಕಾಣುತ್ತದೆ. ಅಷ್ಟಕ್ಕೇ ನಿಂತಿದ್ದರೆ ಆ ಕೊಳವೆ ಬದಲಾಯಿಸಬಹುದು. ದೊಡ್ಡ ಬಾಗುಗಳಿಗೂ ಹರಡಿದ್ದರೆ ನಾನಂತೂ ಬಿಡಿಭಾಗದ ಬೆಲೆಗಿಂತ ಜಾಸ್ತಿ ಕೊಡಿ ಅನ್ನುವುದಿಲ್ಲ.

ನೆಗ್ಗಿದ್ದಕ್ಕೆ ಜನ ಅನಗತ್ಯವಾಗಿ ಹೆದರುತ್ತಾರೆ. ಸ್ವರ ಹೊರಬರುವ ದೊಡ್ಡ ಬಾಯಿಯ ಹತ್ತಿರದ ನೆಗ್ಗು ನೋಡಲು ಕೆಟ್ಟದಾಗಿದ್ದರೂ ಸ್ವರಕ್ಕೆ ಅಷ್ಟು ತೊಂದರೆ ಮಾಡುವುದಿಲ್ಲ. ಮೊದಲ ಸಪೂರ ಕೊಳವೆಯಲ್ಲಿ ಸಣ್ಣ ನೆಗ್ಗು ಇದ್ದರೂ ಕೆಡುಕು. ಯಾವುದನ್ನೂ ಕಾರಿನ ಟಿಂಕರಿಂಗ್ ಅಂಗಡಿಗೆ ಮಾತ್ರ ಕೊಡಬೇಡಿ.

ವಾದ್ಯ ಯಾವುದು ಅಂತಲೂ ತಿಳಿಯಬೇಕು ಅಲ್ವಾ. ಟ್ಯೂಬಾಗೆ ಪೇಟೆಂಟ್ ಆದದ್ದು 1835ರಲ್ಲಿ, ಬರ್ಲಿನ್‌ನಲ್ಲಿ. ಆಮೇಲೆ ನಾನಾ ಅಳತೆಗಳು ಬಂದವು. ಬ್ಯಾಂಡಿನಲ್ಲಿ ಹೆಚ್ಚಾಗಿ ಇ ಫ್ಲಾಟ್ ಅಥವಾ ಬಿ ಫ್ಲಾಟ್ ಇರುತ್ತದೆ, ಇವು ವಾದ್ಯದ ಮೂಲ ಸ್ವರದ ಹೆಸರುಗಳು. ಬಿ ಫ್ಲಾಟ್‌ನ ಕೊಳವೆ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು ಐದೂವರೆ ಮೀಟರ್, ಇ ಫ್ಲಾಟ್ ನಾಲ್ಕು ಮೀಟರ್. ಕೊಳ್ಳುವ ಬ್ಯಾಂಡಿಗೆ ಬೇಕಾದದ್ದು ಯಾವುದು ಅನ್ನುವುದರ ಮೇಲೆ ಬೆಲೆ ಏರಿಳಿಯುತ್ತದೆ. ಬಾಯಿಯ ಮೇಲಿನ ಕೆತ್ತನೆ, ಪಿಸ್ಟನ್ ಗೂಡಿನ ಮೇಲಿನ ನಂಬರ್ ಬರೆದುಕೊಳ್ಳಿ. ಮೀರತ್‌ನ ಜಲಿ ಕೋಠಿಯಲ್ಲಿ ಬ್ಯಾಂಡ್ ವಾದ್ಯ ಮಾಡುವವರು ಬಹಳ ಜನ ಇದ್ದಾರೆ, ಅಲ್ಲಿಯದಾದರೆ ಹೊಸದಕ್ಕೆ ಎಷ್ಟು ಅಂತ ಫೋನಿನಲ್ಲೇ ವಿಚಾರಿಸಬಹುದು, ಸವೆದದ್ದಕ್ಕೆ ಅದರ ಹತ್ತಿರ ಹತ್ತಿರ ಯಾರೂ ಕೊಡುವುದಿಲ್ಲ.

ಬೆಸನ್, ಬೂಸಿ ಅಂಡ್ ಹಾಕ್ಸ್‌ನಂಥ ಹಳೆಯ ಇಂಗ್ಲಿಷ್ ಕಂಪನಿಗಳ ಹೆಸರು ಕಂಡಾಗ ಮಾರುವವರ ಆಸೆ ಚಿಗುರುತ್ತದೆ. ಒಳ್ಳೆಯ ವಾದ್ಯಗಳೇ. ಆದರೆ ಬ್ರಿಟನ್ನಿನ ಬ್ಯಾಂಡ್‌ಗಳು 1960ರ ದಶಕದವರೆಗೂ ಈಗಿನದಕ್ಕಿಂತ ಎತ್ತರದ ಶ್ರುತಿ ಇಟ್ಟುಕೊಂಡಿದ್ದವು, ಎ ಸ್ವರಕ್ಕೆ ಸೆಕೆಂಡಿಗೆ ಈಗಿನ 440 ಕಂಪನದ ಜಾಗದಲ್ಲಿ 452ರ ಆಸುಪಾಸು. ಆ ಕಾಲದ ಬಾಸ್ ಇವತ್ತಿನ ಕೀಬೋರ್ಡ್ ಜೊತೆ ಕೂಡುವುದಿಲ್ಲ. ಮೊಬೈಲ್‌ನ ಟ್ಯೂನರ್ ಇಟ್ಟು ಊದಿಸಿ. ಮುಖ್ಯ ಸ್ಲೈಡನ್ನು ಪೂರ್ತಿ ಎಳೆದರೂ ಶ್ರುತಿ ಮೇಲೇ ನಿಂತರೆ ಕೊಳವೆ ಉದ್ದ ಮಾಡಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲೆಕ್ಕ ಹೀಗೆ. ತಿಳಿಯಲಿ ಅಂತ ಸುಮ್ನೆ ಒಂದು ಸಂಖ್ಯೆ ಹೇಳುತ್ತೇನೆ, ಪೇಟೆ ಬೆಲೆ ಅಂದುಕೊಳ್ಳಬೇಡಿ. ಅದೇ ಮಾದರಿಯ, ಚೆನ್ನಾಗಿ ನುಡಿಯುವ ಹಳೆಯ ಬಾಸ್ 1 ಲಕ್ಷಕ್ಕೆ ಮಾರಿಹೋಗಿದೆ ಅಂತಿಟ್ಟುಕೊಳ್ಳಿ. ಕೇಳಿದ ಬೆಲೆ ಬೇಡ, ನಿಜವಾಗಿ ಕೈಬದಲಾದ ಬೆಲೆ ಬೇಕು. ನಿಮ್ಮದರ ರಿಪೇರಿಗೆ 40 ಸಾವಿರ ಆದರೆ ಉಳಿದದ್ದು 60. ಆದರೆ ಸಾಗಾಟ, ಓಡಾಟ, ಬಿಚ್ಚಿದ ಮೇಲೆ ಹೊಸ ದೋಷ ಕಾಣುವ ಅಪಾಯ ಎಲ್ಲ ಕೊಳ್ಳುವವರ ತಲೆ ಮೇಲೆ. ಹಾಗಾಗಿ 45ರಿಂದ 50 ಸಾವಿರ ಇಬ್ಬರಿಗೂ ನ್ಯಾಯ. ರಿಪೇರಿ ಖರ್ಚೇ 90 ಸಾವಿರ ದಾಟಿದರೆ, ಆಗ ಬಿಡಿಭಾಗಕ್ಕೆ ಮಾರುವುದೇ ಸರಿ.

ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಹಲವು ಸಲ ಮಾರುವವರು ಊದುತ್ತಿದ್ದವರ ಹೆಂಡತಿ, ಮಕ್ಕಳು. ಅವರಿಗೆ ಪಿಸ್ಟನ್ ಗೊತ್ತಿಲ್ಲ, ಶ್ರುತಿ ಗೊತ್ತಿಲ್ಲ. ಆ 'ಟಪ್' ಸದ್ದನ್ನು ಅವರಿಗೂ ಕೇಳಿಸಿ, ಗುಲಾಬಿ ಚುಕ್ಕೆ ಇದ್ದರೆ ತೋರಿಸಿ, ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದು ಅವರ ಕೈಗೆ ಕೊಡಿ. ಬೆಲೆ ಮಾತಾಡುವುದು ಆಮೇಲೆ.

ನಮಸ್ಕಾರ.