ಕರೆಂಟ್ ಹೋದಾಗ ನಿಮ್ಮ ಸೋಲಾರ್ ಏನು ಮಾಡುತ್ತದೆ?

ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ ಸೋಲಾರ್ ಹಾಕಿಸಬೇಕು ಅಂತ ಯೋಚನೆ ಮಾಡುತ್ತಿರುವವರು ಇವತ್ತು ಸ್ವಲ್ಪ ಕೂತು ಕೇಳಿ. ನಾನು ಸೋಲಾರ್ ಪರ. ಹಾಕಿಸಿ ಅಂತಲೇ ಹೇಳುತ್ತೇನೆ. ಆದರೆ ಅಡ್ವಾನ್ಸ್ ಕೊಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಕರೆಂಟ್ ಹೋದಾಗ ನಮ್ಮನೇಲಿ ಏನೇನು ಉರಿಯುತ್ತದೆ?

ಬಹಳ ಜನ ಇದನ್ನು ಕೇಳುವುದೇ ಇಲ್ಲ. ಮೇಲೆ ಪ್ಯಾನೆಲ್ ಇದೆ, ಬಿಸಿಲು ಸುರೀತಿದೆ, ಇನ್ನು ಕರೆಂಟ್ ಹೋದರೆ ನಮಗೇನು ಅಂದುಕೊಳ್ಳುತ್ತಾರೆ. ಹಾಗಲ್ಲ. ಬ್ಯಾಟರಿ ಇಲ್ಲದ ಮಾಮೂಲಿ ಆನ್-ಗ್ರಿಡ್ ಸಿಸ್ಟಂ, ಅಂದರೆ ಬೀದಿಯ ಕರೆಂಟ್ ಲೈನಿಗೆ ಜೋಡಿಸಿಕೊಂಡೇ ನಡೆಯುವ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನ ಆದರೂ ಸರಿ. ಕರೆಂಟ್ ವಾಪಸ್ ಬಂದ ಮೇಲೂ ಕೆಲವು ನಿಮಿಷ ಕಾದು, ಲೈನ್ ಸರಿಯಾಗಿದೆ ಅಂತ ನೋಡಿಕೊಂಡೇ ಶುರುವಾಗುತ್ತದೆ. ಇದು ದೋಷ ಅಲ್ಲ, ಹಾಗೇ ಇರಬೇಕು. ಲೈನ್ ಆಫ್ ಆಗಿದೆ ಅಂತ ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾರೆ, ಆಗ ನಿಮ್ಮ ತಾರಸಿಯಿಂದ ಕರೆಂಟ್ ಹರಿದರೆ ಅವರ ಪ್ರಾಣಕ್ಕೇ ಅಪಾಯ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಬಾಯಿಬಿಟ್ಟು ಹೇಳದೆ ಮಾರುತ್ತಾರಲ್ಲ, ಅದಕ್ಕೆ ಸಿಟ್ಟು.

ಕೊಪ್ಪದ ಹತ್ತಿರ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹೀಗೇ ಆಯಿತು. ಮುಂಗಾರು ಶುರುವಾಗಿ ಲೈನ್ ಮೇಲೆ ಮರ ಬಿತ್ತು, ಅಲ್ಲಿ ಅದೇನು ಹೊಸದಲ್ಲ. ಮೇಲೆ ಹೊಚ್ಚಹೊಸ ಪ್ಯಾನೆಲ್, ಕೆಳಗೆ ಕತ್ತಲೆ. ಪಕ್ಕದ ಮನೆಯ ಹಳೇ ಯುಪಿಎಸ್‌ನಲ್ಲಿ ಚಿಕ್ಕಮ್ಮ ಫೋನ್ ಚಾರ್ಜ್ ಮಾಡಿಸಿಕೊಂಡು ಬರುತ್ತಿದ್ದರು. ಹಾಕಿಕೊಟ್ಟವರನ್ನು ಕೇಳಿದರೆ 'ನೀವು ಬ್ಯಾಟರಿ ಕೇಳಲೇ ಇಲ್ಲವಲ್ಲ ಸಾರ್' ಅಂದರಂತೆ.

ಯಾಕೆ ಹೇಳುವುದಿಲ್ಲ ಅಂದರೆ, ವ್ಯಾಪಾರ ಎಲ್ಲ ಸಬ್ಸಿಡಿ ಸುತ್ತ ನಡೆಯುತ್ತಿದೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಿಗುತ್ತದೆ. ಒಳ್ಳೇ ಯೋಜನೆ, ಬಳಸಿಕೊಳ್ಳಿ. ಆದರೆ ಆ ಲೆಕ್ಕ ಪ್ಯಾನೆಲ್‌ನ ಕಿಲೋವ್ಯಾಟ್ ಮೇಲೆ, ಬ್ಯಾಟರಿ ಖರ್ಚು ನಿಮ್ಮದೇ. ಬ್ಯಾಟರಿ ಸೇರಿಸಿದರೆ ಕೊಟೇಷನ್ ದಪ್ಪ ಆಗುತ್ತದೆ, ಗಿರಾಕಿ ಹಿಂದೆ ಸರಿಯುತ್ತಾನೆ, ಅದಕ್ಕೆ ಸುಮ್ನೆ ಇರುತ್ತಾರೆ.

ಹಾಗಂತ ಎಲ್ಲರಿಗೂ ದೊಡ್ಡ ಬ್ಯಾಟರಿ ಬೇಕಾ? ಬೇಡ. ಬೆಂಗಳೂರಲ್ಲಿ ದಿನಕ್ಕೆ ಅರ್ಧ ಗಂಟೆ ಕರೆಂಟ್ ಹೋಗುವ ಬಡಾವಣೆಯಲ್ಲಿದ್ದು, ಬಿಲ್ ಸಾವಿರಗಟ್ಟಲೆ ಬರುತ್ತಿದ್ದರೆ ಆನ್-ಗ್ರಿಡ್ ಸಾಕು, ಈಗಿರುವ ಯುಪಿಎಸ್ ಹಾಗೇ ಇರಲಿ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಬಿಲ್ ಉಳಿಸುವುದಕ್ಕೆ ಅಂತ ಸಾಲ ಮಾಡಬೇಡಿ. ಮಲೆನಾಡಲ್ಲೋ ಹಳ್ಳಿಯಲ್ಲೋ ಗಂಟೆಗಟ್ಟಲೆ ಕರೆಂಟ್ ಇರದಿದ್ದರೆ ಮಾತ್ರ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಲೈನ್, ಬ್ಯಾಟರಿ ಮೂರನ್ನೂ ಸಂಭಾಳಿಸುವ ಪೆಟ್ಟಿಗೆ) ಮತ್ತು ಲಿಥಿಯಂ ಬ್ಯಾಟರಿ ಬಗ್ಗೆ ಮೊದಲು ಮಾತಾಡಿ. ಇನ್ನೊಂದು ವಿಷಯ, ಜುಲೈ ತಿಂಗಳ ಮಲೆನಾಡಿನ ಮೋಡದಲ್ಲಿ ಪ್ಯಾನೆಲ್ ನಂಬಿಕೊಂಡರೆ ಬ್ಯಾಟರಿ ತುಂಬುವುದಿಲ್ಲ. ಲೈನಿನಲ್ಲಿ ಕರೆಂಟ್ ಬಂದಾಗ ಅದರಿಂದಲೂ ಚಾರ್ಜ್ ಆಗುವ ಹಾಗೆ ಸೆಟ್ಟಿಂಗ್ ಮಾಡಿಸಿಕೊಳ್ಳಿ.

ಎಷ್ಟು ದೊಡ್ಡ ಬ್ಯಾಟರಿ? ಇಲ್ಲಿ ಪೆನ್ನು ಹಿಡಿದು ಕೂರಬೇಕು. ಎರಡು ಹಳೇ ಫ್ಯಾನ್ 150 ವ್ಯಾಟ್, ಆರು ಎಲ್ಇಡಿ ಬಲ್ಬ್ 54, ಟಿವಿ 80, ವೈಫೈ 10, ಫ್ರಿಜ್ ಸರಾಸರಿ 60 ಅಂತ ಇಟ್ಟುಕೊಳ್ಳಿ. ಸುಮಾರು 350 ವ್ಯಾಟ್ ಆಯಿತು, ಅಂದರೆ ಮೂರು ಗಂಟೆಗೆ ಸುಮಾರು ಒಂದು ಯೂನಿಟ್ (ಸಾವಿರ ವ್ಯಾಟ್ ಒಂದು ಗಂಟೆ ಬಳಸಿದರೆ ಒಂದು ಯೂನಿಟ್). ಅದೇ 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ ಆ ಒಂದು ಯೂನಿಟ್ ನುಂಗಿಬಿಡುತ್ತದೆ! ಹಾಗಾಗಿ ಗೀಸರ್, ಬೋರ್‌ವೆಲ್ ಮೋಟಾರ್ ಬ್ಯಾಟರಿಗೆ ಕೊಡಬೇಡಿ. ಅವನ್ನು ಹೊರಗಿಟ್ಟರೆ 5 ಯೂನಿಟ್‌ನ ಬ್ಯಾಟರಿ ಒಂದು ಸಾಮಾನ್ಯ ಮನೆಗೆ ರಾತ್ರಿಯಿಡೀ ಬರುತ್ತದೆ. 'ಇಡೀ ಮನೆಗೆ ಬ್ಯಾಕಪ್ ಕೊಡುತ್ತೇವೆ' ಅಂತ ಎರಡು ಮೂರು ಬ್ಯಾಟರಿ ಹೇರಲು ಬಂದರೆ, ಯಾವ ಸಾಮಾನಿಗೆ ಎಷ್ಟು ವ್ಯಾಟ್ ಅಂತ ಬರೆದುಕೊಡಿ ಅನ್ನಿ.

ನೆರಳಿನ ವಿಷಯಕ್ಕೆ ಬರೋಣ. ಸೈಟ್ ನೋಡಲು ಮೇ ತಿಂಗಳಲ್ಲಿ ಬಂದವರು ತಾರಸಿ ತುಂಬಾ ಬಿಸಿಲು ನೋಡಿ ಖುಷಿಪಡುತ್ತಾರೆ. ಆಗ ಸೂರ್ಯ ನೆತ್ತಿ ಮೇಲಿರುತ್ತಾನೆ, ಅಲ್ವಾ? ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ. ಬೆಂಗಳೂರಲ್ಲಿ ಆಗ ನಡು ಮಧ್ಯಾಹ್ನವೂ ದಕ್ಷಿಣದ ಹತ್ತಡಿ ಗೋಡೆಯ ನೆರಳು ಏಳಡಿಗಿಂತ ಜಾಸ್ತಿ ಬೀಳುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ನೀರಿನ ಟ್ಯಾಂಕೋ ಪಕ್ಕದ ಮನೆಯ ತೆಂಗಿನ ಗರಿಯೋ ಒಂದು ಪ್ಯಾನೆಲ್ ಮೇಲೆ ನೆರಳು ಹಾಕಿದರೂ ಅದರ ಜೊತೆ ಒಂದರ ಹಿಂದೊಂದು ವೈರ್‌ನಲ್ಲಿ (ಸೀರೀಸ್‌ನಲ್ಲಿ) ಜೋಡಿಸಿದ ಉಳಿದ ಪ್ಯಾನೆಲ್‌ಗಳಿಗೂ ಪೆಟ್ಟು ಬೀಳಬಹುದು.

ಕೊನೆಗೆ ವೈರಿಂಗ್. ಹಳೇ ಮನೆಗಳಲ್ಲಿ ಎಲ್ಲ ರೂಮಿನ ನ್ಯೂಟ್ರಲ್ ಒಂದಕ್ಕೊಂದು ಸೇರಿಕೊಂಡಿರುತ್ತದೆ. ಬ್ಯಾಕಪ್ ಲೈನ್ ಬೇರೆ ಮಾಡುವಾಗ ಫೇಸ್ ಮಾತ್ರ ಬೇರೆ ಮಾಡಿ ನ್ಯೂಟ್ರಲ್ ಹಾಗೇ ಬಿಟ್ಟರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷತಾ ಸ್ವಿಚ್) ಪದೇ ಪದೇ ಟ್ರಿಪ್ ಆಗುತ್ತದೆ. ಮನೆಯ ವೈರಿಂಗ್ ಗೊತ್ತಿರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಕೆಲಸ ಮುಗಿದ ದಿನ, ಪೂರ್ತಿ ದುಡ್ಡು ಕೊಡುವ ಮೊದಲು, ಅವರೆಲ್ಲ ಎದುರಿಗಿರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿಸಿ, ಯಾವ ಫ್ಯಾನ್ ತಿರುಗುತ್ತಿದೆ, ಯಾವ ಲೈಟ್ ಉರಿಯುತ್ತಿದೆ ಅಂತ ಒಂದೊಂದು ರೂಮಿಗೂ ಹೋಗಿ ನೋಡಿ.