ಒದ್ದೆ ಮೈಗೆ ಯಾವ ಮುಲಾಮೂ ಸಾಲದು

ಎಲ್ಲರಿಗೂ ನಮಸ್ಕಾರ. ಆಟಗಾರರ ಚರ್ಮದ ಬಗ್ಗೆ ನಾನು ಮಾಡಿದ ಹಿಂದಿನ ಸಂಚಿಕೆಯನ್ನು ನೋಡಿದ ವೀಕ್ಷಕರೊಬ್ಬರು, "ಬೆವರು ಆಟಗಾರನಿಗೆ ಭೂಷಣ, ಚರ್ಮದ ಆರೈಕೆಯೆಲ್ಲ ಕನ್ನಡಿಯ ಮುಂದೆ ಕೂರುವವರಿಗೆ ಇರಲಿ" ಎಂದು ಬರೆದಿದ್ದಾರೆ. ಎರಡು ದಿನಗಳಿಂದ ಆ ಸಾಲು ನನ್ನ ತಲೆಯಿಂದ ಇಳಿದಿಲ್ಲ. ಆದ್ದರಿಂದ ಈ ವಾರ ಹೇಳಬೇಕೆಂದುಕೊಂಡಿದ್ದನ್ನು ಬದಿಗಿಟ್ಟು ಒಂದೇ ಒಂದು ಮಾತು ಹೇಳಲು ಕುಳಿತಿದ್ದೇನೆ. ಆಟ ಮುಗಿದ ಕೂಡಲೇ ಒದ್ದೆ ಬಟ್ಟೆ ಕಳಚಿ, ಮೈ ತೊಳೆದು, ಸಂದುಸಂದನ್ನೂ ಒರೆಸಿ ಒಣಗಿಸಿಕೊಳ್ಳಿ.

ಬೆವರನ್ನು ನಾನು ದೂರುತ್ತಿಲ್ಲ. ಅದು ಆವಿಯಾಗಿ ಹೋಗುವಾಗ ಮೈಯ ಕಾವನ್ನು ಇಳಿಸುತ್ತದೆ. ಹೋಗಲು ದಾರಿಯಿಲ್ಲದೆ ಶೂಗಳ ಒಳಗೆ, ಬಿಗಿ ಬಟ್ಟೆಯ ಅಡಿಯಲ್ಲಿ, ತೊಡೆಸಂದಿನಲ್ಲಿ ನಿಂತಾಗ ತೊಂದರೆ ಶುರುವಾಗುತ್ತದೆ. ನೀರು ಹೀರಿಕೊಂಡ ಚರ್ಮ ಉಬ್ಬಿ ಮೆತ್ತಗಾಗುತ್ತದೆ, ಉಜ್ಜಾಟ ಹೆಚ್ಚುತ್ತದೆ, ಒಣಗಿದ್ದಾಗ ಸುಮ್ಮನಿದ್ದ ಹಿಮ್ಮಡಿಯಲ್ಲಿ ನೀರುಗುಳ್ಳೆ ಏಳುತ್ತದೆ. ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನೇ ತಿಂದು ಬದುಕುವ ಶಿಲೀಂಧ್ರಗಳಿವೆ. ಅವುಗಳಿಗೆ ಬೆಚ್ಚನೆಯ ತೇವ ಬೇಕು, ಅದನ್ನು ನಾವೇ ಒದಗಿಸುತ್ತೇವೆ. ಟ್ರೈಕೊಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರ ಇವುಗಳ ಪೈಕಿ ಅತಿ ಸಾಮಾನ್ಯ. ಕಾಲಿನ ನಾಲ್ಕನೆಯ ಮತ್ತು ಐದನೆಯ ಬೆರಳುಗಳು ಒತ್ತಿಕೊಂಡಿರುವುದರಿಂದ ಅಲ್ಲಿಗೆ ಗಾಳಿಯಾಡುವುದಿಲ್ಲ, ಸೋಂಕು ಬಹಳಷ್ಟು ಸಲ ಅಲ್ಲಿಂದಲೇ ಆರಂಭವಾಗುತ್ತದೆ. ಚರ್ಮ ಬಿಳಿಚಿ, ನೆನೆದಂತಾಗಿ, ಬಿರಿದು ತುರಿಸುತ್ತದೆ. ಆಟಗಾರ "ಶೂ ಕಚ್ಚಿರಬೇಕು" ಎಂದು ಸುಮ್ಮನಾಗುತ್ತಾನೆ.

ಅದು ಪಾದದಲ್ಲೇ ಉಳಿಯುವುದೂ ಇಲ್ಲ. ಸೋಂಕಿದ ಪಾದವನ್ನು ಒಳಉಡುಪಿನೊಳಗೆ ತೂರಿಸಿದಾಗ, ಅಥವಾ ಪಾದ ಒರೆಸಿದ ಟವೆಲಿನಿಂದಲೇ ತೊಡೆಸಂದನ್ನು ಒರೆಸಿದಾಗ, ಶಿಲೀಂಧ್ರ ಮೇಲಕ್ಕೆ ಸಾಗುತ್ತದೆ. ಹೇಳಿಕೊಳ್ಳಲು ನಾಚುವ ಆ ಉಂಗುರದಾಕಾರದ ತುರಿಕೆ ಎಷ್ಟೋ ಸಲ ಕಾಲಿನಿಂದಲೇ ಬಂದಿರುತ್ತದೆ. ಆದ್ದರಿಂದ ಪಾದವನ್ನು ಕೊನೆಯಲ್ಲಿ ಒರೆಸಿಕೊಳ್ಳಿ, ಮೊದಲು ಕಾಲುಚೀಲ ಹಾಕಿ, ಆಮೇಲೆ ಒಳಉಡುಪು ಧರಿಸಿ. ಕಾಸು ಖರ್ಚಿಲ್ಲದ ಈ ಕ್ರಮವನ್ನು ಯಾವ ತರಬೇತುದಾರರೂ ನನಗೆ ಹೇಳಿಕೊಡಲಿಲ್ಲವಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಏಕೆಂದರೆ ನಾನು ಇದನ್ನು ಅನುಭವಿಸಿದ್ದೇನೆ. ಓಟದ ಅಭ್ಯಾಸ ಮುಗಿಸಿ ಒದ್ದೆ ಚಡ್ಡಿಯಲ್ಲೇ ಗಂಟೆಗಟ್ಟಲೆ ಹರಟೆ ಹೊಡೆಯುತ್ತಿದ್ದ ದಿನಗಳಲ್ಲಿ ತೊಡೆಸಂದಿನಲ್ಲಿ ತುರಿಕೆ ಕಾಣಿಸಿಕೊಂಡಿತು. ಜೊತೆಗಾರನೊಬ್ಬ ಕೊಟ್ಟ ಮುಲಾಮನ್ನು ಹಚ್ಚಿದೆ, ಎರಡೇ ದಿನಗಳಲ್ಲಿ ಶಮನವಾಯಿತು, ಬಿಟ್ಟ ವಾರದೊಳಗೆ ದುಪ್ಪಟ್ಟಾಗಿ ಮರಳಿತು. ಅದರಲ್ಲಿ ಸ್ಟೀರಾಯ್ಡ್ ಇದೆಯೆಂದು ವೈದ್ಯರು ನೋಡಿ ಹೇಳಿದರು. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ರೋಗನಿರೋಧವನ್ನು ಕುಗ್ಗಿಸಿ ಅದು ಹಬ್ಬಲು ಅನುವು ಮಾಡಿಕೊಡುತ್ತದೆ, ಕಲೆಯ ಚಹರೆಯನ್ನೂ ಬದಲಿಸಿ ಗುರುತಿಸುವುದನ್ನು ಕಷ್ಟವಾಗಿಸುತ್ತದೆ. ನಿಜವಾದ ಶಿಲೀಂಧ್ರನಾಶಕ ಸಿಕ್ಕ ಮೇಲೂ ವೈದ್ಯರು ಒತ್ತಿ ಹೇಳಿದ್ದು ಒಂದೇ: ಒಣಗಿಸಿಕೊಳ್ಳಿ, ತುರಿಕೆ ನಿಂತ ದಿನವೇ ಮದ್ದು ನಿಲ್ಲಿಸಬೇಡಿ.

"ದೊಡ್ಡ ಆಟಗಾರರು ಇದನ್ನೆಲ್ಲ ಲೆಕ್ಕಿಸುತ್ತಾರೆಯೇ" ಎಂದು ಕೇಳುವವರಿದ್ದಾರೆ. ಲೆಕ್ಕಿಸದಿದ್ದರೆ ಏನಾಗುತ್ತದೆಂದು ಕೇಳಿ. 2003ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡವಾದ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ 58 ಆಟಗಾರರ ಪೈಕಿ 5 ಮಂದಿಗೆ, ಸಾಮಾನ್ಯ ಪ್ರತಿಜೀವಕಗಳಿಗೆ ಬಗ್ಗದ ಸ್ಟಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಒಟ್ಟು 8 ಬಾರಿ ತಗುಲಿತು. ಎಂಟೂ ಸೋಂಕುಗಳು ಮೈದಾನದ ಹುಲ್ಲುಹಾಸಿಗೆ ಮೈ ಉಜ್ಜಿ ತರಚಿದ ಗಾಯಗಳಲ್ಲೇ ಬೆಳೆದಿದ್ದವು. ತನಿಖೆ ಮಾಡಿದವರು ಕಂಡದ್ದು ಒಂದೇ ಟವೆಲನ್ನು ಹಲವರು ಬಳಸುವುದನ್ನು, ಮೈ ತೊಳೆಯದೆ ಸಾಮೂಹಿಕ ನೀರಿನ ತೊಟ್ಟಿಗೆ ಇಳಿಯುವುದನ್ನು. ಹಣಕ್ಕಾಗಲಿ ವೈದ್ಯರಿಗಾಗಲಿ ಕೊರತೆಯಿಲ್ಲದ ತಂಡವದು! ತರಚಿದ ಗಾಯವನ್ನು ಸೋಪು ನೀರಿನಿಂದ ತೊಳೆದು ಮುಚ್ಚಿ. ಟವೆಲ್ ನಿಮ್ಮದೇ ಇರಲಿ.

"ಪೌಡರ್ ಹಾಕುತ್ತೇನೆ, ಸಾಕು" ಎನ್ನುವವರು ಒದ್ದೆ ಚರ್ಮದ ಮೇಲೆ ಬಿದ್ದ ಪೌಡರ್ ಸಂದಿನಲ್ಲಿ ಮುದ್ದೆಗಟ್ಟುವುದನ್ನು ಒಮ್ಮೆ ನೋಡಬೇಕು. "ನನ್ನ ಅಂಗಿ ಬೆವರನ್ನು ಹೀರುವ ಬಟ್ಟೆಯದು" ಎನ್ನುವವರು ಹೀರಿದ ಬೆವರು ಅಂಗಿಯಲ್ಲೇ ಇದೆ ಎಂಬುದನ್ನು ಮರೆತಿದ್ದಾರೆ. "ಸಮಯವಿಲ್ಲ" ಎಂಬುದನ್ನಂತೂ ನಾನು ಒಪ್ಪುವುದೇ ಇಲ್ಲ. ಸೋತ ಪಂದ್ಯವನ್ನು ಒದ್ದೆ ಅಂಗಿಯಲ್ಲೇ ಅರ್ಧ ಗಂಟೆ ಚರ್ಚಿಸಲು ಸಮಯವಿದೆ, ಹತ್ತು ಬೆರಳುಗಳ ನಡುವೆ ಟವೆಲ್ ಆಡಿಸಲು ಒಂದು ನಿಮಿಷವಿಲ್ಲವೇ? ಸ್ನಾನಕ್ಕೆ ಅನುಕೂಲವಿಲ್ಲದ ಕಡೆ ಒಂದು ಟವೆಲ್, ಒಂದು ಜೊತೆ ಒಣ ಕಾಲುಚೀಲ, ಬದಲಿ ಬಟ್ಟೆ ಚೀಲದಲ್ಲಿರಲಿ. ಶೂಗಳ ದಾರ ಸಡಿಲಿಸಿ ಗಾಳಿಗಿಡಿ. ಎರಡು ಜೊತೆಗಳಿದ್ದರೆ ದಿನ ಬಿಟ್ಟು ದಿನ ಬಳಸಿ.

ಹೆಲ್ಮೆಟ್ಟಿನ ಪಟ್ಟಿಯಡಿ ಏಳುವ ಮೊಡವೆ ಮತ್ತು ಬಿಸಿಲಿನಲ್ಲಿ ಆಡುವವರ ಸನ್‌ಸ್ಕ್ರೀನ್ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಮಾತನಾಡುತ್ತೇನೆ. ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ. ನಿಮ್ಮ ತಂಡದ ಕಿರಿಯರಿಗೆ ಇದನ್ನು ಕಳುಹಿಸಿ, ಕೇಳಲು ನಾಚುವವರು ಅವರೇ.

ಬೆವರು ಭೂಷಣವೆಂದ ಆ ವೀಕ್ಷಕರಿಗೆ ನನ್ನದೊಂದು ವಿನಂತಿ. ಒಣಗಿಸಿಕೊಳ್ಳಿ ಎಂದು ಮತ್ತೆ ಹೇಳುವುದಿಲ್ಲ. ಇಂದು ರಾತ್ರಿ ಬೆಳಕಿನಡಿ ಕುಳಿತು, ಕಾಲಿನ ಕೊನೆಯ ಎರಡು ಬೆರಳುಗಳನ್ನು ಬಿಡಿಸಿ ನೋಡಿ. ಅಲ್ಲಿ ಕಂಡದ್ದೇನೆಂದು ನಾಳೆ ನನಗೆ ಬರೆಯಿರಿ.