ಕಳವಿನ ಕೇಸಿನಲ್ಲಿ ಶಿಕ್ಷೆ ಹೆಚ್ಚಾಯಿತೇ? ಕೊನೆಯ ಪುಟ ನೋಡಿ

ಕೇಳುಗರೇ, ನಮಸ್ಕಾರ.

ರಾತ್ರಿ ಬೀಗ ಮುರಿದು ಕಳವು ಮಾಡಿದ ಕೇಸಿನಲ್ಲಿ ಶಿಕ್ಷೆಯಾದರೆ ಮನೆಯವರು ವಕೀಲರ ಮುಂದೆ ಹೇಳುವುದು ಒಂದೇ ಮಾತು: ‘ಶಿಕ್ಷೆ ಭಾಳ ಆತ್ರಿ, ಕಡಿಮಿ ಮಾಡಸ್ರಿ.’ ಕನಿಕರ ಕೇಳುವುದು ಆಮೇಲೆ. ಮೊದಲು ಆದೇಶದ ಕೊನೆಯ ಪುಟ ಓದಿ.

ಇಂಥ ಕೇಸಿನಲ್ಲಿ ಸಾಮಾನ್ಯವಾಗಿ ಎರಡು ಕಲಂ. ಭಾರತೀಯ ನ್ಯಾಯ ಸಂಹಿತೆಯ 331(4) ರಾತ್ರಿ ಮನೆ ಮುರಿದದ್ದಕ್ಕೆ, 305 ಮನೆಯೊಳಗಿನ ಕಳವಿಗೆ. 2024ರ ಜುಲೈ 1ಕ್ಕಿಂತ ಹಿಂದಿನ ಕೃತ್ಯವಾದರೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 457, 380. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟು ಒಂದಕ್ಕೆ 3 ವರ್ಷ, ಇನ್ನೊಂದಕ್ಕೆ 2 ವರ್ಷ ವಿಧಿಸಿದೆ ಎನ್ನಿ. ಕೊನೆಯ ಪುಟದಲ್ಲಿ ಎರಡೂ ಶಿಕ್ಷೆ ‘ಏಕಕಾಲಕ್ಕೆ’ ಎಂದಿದ್ದರೆ ಒಟ್ಟು ಮೂರೇ ವರ್ಷ. ‘ಒಂದರ ನಂತರ ಒಂದು’ ಎಂದಿದ್ದರೆ ಐದು. ಒಂದೇ ರಾತ್ರಿಯ ಒಂದೇ ಕೃತ್ಯಕ್ಕೆ ಶಿಕ್ಷೆ ಸಾಲಾಗಿ ಏಕೆ? ಬಡತನದ ಮಾತಿಗಿಂತ ಈ ಪ್ರಶ್ನೆಗೇ ಅಪೀಲಿನಲ್ಲಿ ತೂಕ ಹೆಚ್ಚು.

ವಿಚಾರಣೆ ವೇಳೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ದಿನಗಳನ್ನೂ ಶಿಕ್ಷೆಯ ಅವಧಿಯಿಂದ ಕಳೆಯಬೇಕು. ದಂಡ ಕಟ್ಟದ್ದಕ್ಕೆ ಬರುವ ಸಜೆಗೆ ಮಾತ್ರ ಈ ಕಡಿತ ಇಲ್ಲ, ಅದು ಪ್ರತ್ಯೇಕವಾಗಿಯೇ ನಡೆಯುತ್ತದೆ. ಶಿಕ್ಷೆ ವಿಧಿಸಿದ ದಿನ ಆರೋಪಿಗೆ 21 ತುಂಬಿರದಿದ್ದರೆ, 1958ರ ಪ್ರೊಬೇಷನ್ (ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವ) ಕಾಯ್ದೆಯಂತೆ ಜೈಲೇ ಏಕೆ ಎಂಬ ಕಾರಣ ಬರೆದಿರಬೇಕು. ಬರೆಯದಿದ್ದರೆ, ವಯಸ್ಸಿನ ದಾಖಲೆ ಹಚ್ಚಿ ಕೇಳಿ.

ತಪ್ಪೊಪ್ಪಿಕೊಂಡವರಿಗೆ ಅಪೀಲೇ ಇಲ್ಲ ಎನ್ನುವುದು ಅರ್ಧ ಸತ್ಯ. ಶಿಕ್ಷೆಯ ಪ್ರಮಾಣವನ್ನು ಅವರೂ ಪ್ರಶ್ನಿಸಬಹುದು. ಆರೋಪಿ ಹಾಕಿದ ಅಪೀಲಿನಲ್ಲಿ ಶಿಕ್ಷೆ ಏರದು. ಸರ್ಕಾರ ತಾನೇ ಅಪೀಲು ಹಾಕಿದರೆ ಮಾತು ಬೇರೆ.

ಮ್ಯಾಜಿಸ್ಟ್ರೇಟ್ ತೀರ್ಪಿನ ಮೇಲೆ ಜಿಲ್ಲಾ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಹೋಗಬೇಕು. ಸೆಷನ್ಸ್ ಕೋರ್ಟೇ ವಿಚಾರಿಸಿದ್ದರೆ ಹೈಕೋರ್ಟಿಗೆ 60 ದಿನ: ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಅಂದೇ ಪುಕ್ಕಟೆ ಸಿಗಬೇಕು, ಕೇಳಿ ಪಡೆಯಿರಿ. ಗಡುವು ಮೀರಿದ್ದರೆ ವಿಳಂಬ ಮನ್ನಿಸಲು ಬೇರೆ ಅರ್ಜಿ ಹಾಕಬೇಕು. ‘ವಕೀಲರು ಊರಲ್ಲಿರಲಿಲ್ಲ’ ಎಂದಷ್ಟೇ ಬರೆದರೆ ಸಾಲದು, ತಾರೀಖುವಾರು ಕಾರಣ ಬೇಕು.

ಅಪೀಲು ದಾಖಲಾದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ. ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 430ನೇ ಕಲಮಿನಡಿ ಶಿಕ್ಷೆ ಅಮಾನತಿಗೆ, ಜಾಮೀನಿಗೆ ಜೊತೆಗೇ ಅರ್ಜಿ ಕೊಡಿ. ಜೈಲಿನೊಳಗಿರುವವರು ಅಪೀಲನ್ನು ಜೈಲಿನ ಅಧಿಕಾರಿಯ ಮೂಲಕವೇ ಕಳಿಸಬಹುದು. ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಆದಾಯ ಎಷ್ಟೆಂದು ಕೇಳುವುದಿಲ್ಲ. ಸಹಾಯವಾಣಿ 15100.